ಬಾಬ್ ಡಿಲನ್ನರ ‘ವರ್ಲ್ಡ್ ಗಾನ್ ರಾಂಗ್’: ಹಾಡಿನ ಪಾಠವೂ ಗಾಯಕನ ಋಣವೂ

ಬಾಯಿಂದ ಬಾಯಿಗೆ ಬಂದ ಹಾಡಿಗೆ ಕರ್ತೃವಿಲ್ಲವೆಂದು ಹೇಳುವುದು ವಾಡಿಕೆಯಾಗಿದೆ. ಕರ್ತೃವು ತಿಳಿಯದಿದ್ದಲ್ಲಿ ಹಾಡುವವನಿಗೆ ಋಣವೂ ಇಲ್ಲವೆ? ಈ ಪ್ರಶ್ನೆಯ ವಿಚಾರಕ್ಕೆ ಅಮೆರಿಕದ ಗಾಯಕರಾದ ಬಾಬ್ ಡಿಲನ್ನರ ಎರಡು ಗೀತಸಂಪುಟಗಳು ತಕ್ಕ ನಿದರ್ಶನಗಳಾಗಿವೆ.

೧೯೪೧ರಲ್ಲಿ ಜನಿಸಿದ ಡಿಲನ್ನರು ೧೯೬೨ರಲ್ಲಿ ತಮ್ಮ ಮೊದಲನೆಯ ಸಂಪುಟವನ್ನು ಹೊರತಂದರು. ಅದರ ಹದಿಮೂರು ಹಾಡುಗಳಲ್ಲಿ ಸ್ವಂತ ರಚನೆಗಳು ಎರಡೇ. ಅನಂತರ ಸ್ವಂತ ಕೃತಿಗಳಿಂದ ಪ್ರಸಿದ್ಧರಾಗಿ, ವಿದ್ಯುತ್ ವಾದ್ಯಗಳ ಮೇಳದೊಡನೆ ಹಾಡುತ್ತಿದ್ದ ಅವರು, ಐವತ್ತು ವರ್ಷ ದಾಟಿದ ಮೇಲೆ ೧೯೯೨ರಲ್ಲಿ ‘ಗುಡ್ ಆಸ್ ಐ ಬೀನ್ ಟು ಯೂ’ ಎಂಬುದನ್ನೂ ೧೯೯೩ರಲ್ಲಿ ‘ವರ್ಲ್ಡ್ ಗಾನ್ ರಾಂಗ್’ ಎಂಬುದನ್ನೂ ಪ್ರಕಟಿಸಿದರು. ಇವುಗಳಲ್ಲಿ ಮೇಳವಿಲ್ಲ, ಒಂದು ಕಂಠ, ಒಂದು ಗಿಟಾರ್, ಅಲ್ಲಲ್ಲಿ ಹಾರ್ಮೋನಿಕ, ಇಷ್ಟೆ. ಸ್ವಂತ ರಚನೆ ಒಂದೂ ಇಲ್ಲ.

ಎರಡನೆಯ ಸಂಪುಟದ ಹತ್ತು ಹಾಡುಗಳಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ಬ್ರಿಟನ್ನಿನಿಂದ ಕಡಲು ದಾಟಿ ಬಂದ ಕಥನಗೀತ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಪಂಡಿತರು ೧೮೮೨ರಿಂದ ೧೮೯೮ರವರೆಗೆ ಪ್ರಕಟಿಸಿದ ೩೦೫ ಕಥನಗೀತಗಳಲ್ಲಿ ೬೮ನೆಯದರ ಪಾಠಾಂತರವೇ ಇಲ್ಲಿನ ‘ಲವ್ ಹೆನ್ರಿ’. ಎರಡನೆಯದು ಆಫ್ರಿಕನ್ ಮೂಲದ ಅಮೆರಿಕನ್ನರ ‘ಬ್ಲೂಸ್’. ಇದರ ಸಾಮಾನ್ಯ ಲಕ್ಷಣವೇನೆಂದರೆ, ಮೊದಲನೆಯ ಸಾಲನ್ನು ಎರಡಾವರ್ತಿ ಹಾಡಿ ಮೂರನೆಯ ಸಾಲಿನಿಂದ ಅದಕ್ಕೆ ಉತ್ತರ ಕೊಡುವುದು. ಈ ಆವೃತ್ತಿಯಿಂದ ಭಾವವು ಬಲಿಯುವುದಲ್ಲದೆ, ಮುಂದಿನ ಸಾಲನ್ನು ಆಶುವಾಗಿ ಕಟ್ಟಲು ಗಾಯಕನಿಗೆ ಅವಕಾಶವೂ ದೊರೆಯುವುದು.

ಮೂರನೆಯ ಬಗೆಯು ಅಮೆರಿಕದಲ್ಲಿಯೇ ನಡೆದ ಸಂಗತಿಗಳನ್ನು ಕುರಿತದ್ದು. ೧೮೯೫ನೆಯ ಡಿಸೆಂಬರ್ ೨೫ರಂದು ಸೇಂಟ್ ಲೂಯಿಸ್ ನಗರದಲ್ಲಿ ಲೀ ಶೆಲ್ಟನ್ ಎಂಬಾತನು ಬಿಲ್ಲಿ ಲಯನ್ಸ್ ಎಂಬಾತನನ್ನು ಗುಂಡಿಟ್ಟು ಕೊಂದನು. ಜಗಳದಲ್ಲಿ ಒಂದು ಟೋಪಿಯ ಪ್ರಸಂಗವಿದ್ದಿತು. ಕೊಂದವನೂ ಸತ್ತವನೂ ಆಫ್ರಿಕನ್ ಮೂಲದವರು. ಹಾಡಾದರೋ ವರ್ಣಭೇದದ ಗೋಡೆಯನ್ನು ದಾಟಿ ಹೋಯಿತು: ವೆಸ್ಟ್ ವರ್ಜೀನಿಯದ ಬಿಳಿಯ ಗಾಯಕ ಫ್ರಾಂಕ್ ಹಚಿಸನ್ ೧೯೨೭ರಲ್ಲಿ ಅದನ್ನು ಧ್ವನಿಮುದ್ರಣಕ್ಕೆ ಹಾಡಿದನು. ನಾಯಕನ ಹೆಸರು ಪಾಠದಿಂದ ಪಾಠಕ್ಕೆ ಮಾರ್ಪಟ್ಟಿತು. ಟೋಪಿ ಮಾತ್ರ ಅನೇಕ ಪಾಠಗಳಲ್ಲಿ ಉಳಿಯಿತು. ಜನರ ನೆನಪು ಕಾಪಾಡುವುದು ಇಂತಹ ಕಣ್ಣಿಗೆ ಕಟ್ಟುವ ವಸ್ತುವನ್ನೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಋಣದ ಮಾತು. ೧೯೯೨ರ ಸಂಪುಟದಲ್ಲಿ ಪಾರಂಪರಿಕ ಗೀತಗಳ ಸಂಯೋಜನೆಯು ಡಿಲನ್ನರದೆಂದು ಅಚ್ಚಾಗಿದ್ದಿತು. ಆದರೆ ಅದರಲ್ಲಿನ ‘ಕೆನಡೀ-ಐ-ಓ’ ಎಂಬ ಹಾಡು ಇಂಗ್ಲೆಂಡಿನ ನಿಕ್ ಜೋನ್ಸ್ ಅವರು ೧೯೮೦ರಲ್ಲಿ ಹೊರತಂದ ಪಾಠಕ್ಕೆ ಬಹು ಸಮೀಪವಾಗಿದೆಯೆಂದು ವಿಮರ್ಶಕರು ಎತ್ತಿ ತೋರಿಸಿದರು. ಮರುವರ್ಷದ ಸಂಪುಟಕ್ಕಾದರೋ ಡಿಲನ್ನರು ತಾವೇ ಟಿಪ್ಪಣಿ ಬರೆದು, ಹಚಿಸನ್, ಡಾಕ್ ವಾಟ್ಸನ್ ಮೊದಲಾದವರನ್ನು ಹೆಸರಿಸಿದರು.

ಗ್ರಂಥಸಂಪಾದಕನು ಓಲೆಯ ಪ್ರತಿಗಳನ್ನು ಹೇಗೆ ಹೆಸರಿಸುವನೋ, ಹಾಡಿನ ವಿಷಯದಲ್ಲಿ ಗಾಯಕನನ್ನು ಹಾಗೆ ಹೆಸರಿಸುವುದು ನ್ಯಾಯ. ಏಕೆಂದರೆ ಇಲ್ಲಿ ಪ್ರತಿಯು ಮನುಷ್ಯನೇ. ‘ಪಾರಂಪರಿಕ’ ಎಂಬ ಒಂದೇ ಮಾತಿನಿಂದ ಅವನ ಹೆಸರನ್ನು ಅಳಿಸಿದರೆ, ಹಾಡು ನಡೆದು ಬಂದ ದಾರಿಯೂ ಅಳಿಸಿಹೋಗುವುದು.