ಆರು ಅಂಕ, ಇನ್ನೂರು ಪದ

ಫೆಬ್ರವರಿ ಬಂತೆಂದರೆ ವಿಜಯನಗರ, ಬಸವೇಶ್ವರನಗರದ ಜೆರಾಕ್ಸ್ ಅಂಗಡಿಗಳ ಮುಂದೆ ಪಿಯು ಹುಡುಗ ಹುಡುಗಿಯರ ಗುಂಪು ಸೇರುತ್ತದೆ. ಯಾವುದೋ ಕಾಲೇಜಿನ ನೋಟ್ಸು, ಯಾರದೋ ಟ್ಯೂಷನ್ನಿನ ‘ಇಂಪಾರ್ಟೆಂಟ್ ಕ್ವಶ್ಚನ್ಸ್’, ಪಾಸಿಂಗ್ ಪ್ಯಾಕೇಜು, ಎಲ್ಲವೂ ಸ್ಪೈರಲ್ ಬೈಂಡಿಂಗ್ ಆಗಿ ಬ್ಯಾಗು ಸೇರುತ್ತವೆ. ಇಂಗ್ಲಿಷಿನ ಕಟ್ಟಿನಲ್ಲಿ ಹೆಚ್ಚು ಹಾಳೆ ತಿನ್ನುವುದು ‘ಎಸ್ಸೆ’. ಪಾಠಕ್ಕೊಂದು, ಕೆಲವಕ್ಕೆ ಎರಡು. ಬೈಹಾರ್ಟ್ ಮಾಡಿಕೊಂಡು ಹೋಗಿ ಇಳಿಸಿಬಿಟ್ಟರೆ ಆಯಿತು ಎಂಬ ನಂಬಿಕೆ. ಈ ಅಧ್ಯಾಯ ಆ ನಂಬಿಕೆಯ ಜೊತೆ ಜಗಳಕ್ಕೆ ನಿಂತಿದೆ.

ಎಸ್ಸೆ ಎನ್ನುವ ಹೆಸರು ಎಲ್ಲರಿಗೂ ಒಂದೇ ಆದರೂ ಬರೆಯಬೇಕಾದದ್ದು ಒಂದೇ ಅಲ್ಲ. ರಾಜಾಜಿನಗರದ ಒಂದೇ ಬೀದಿಯಲ್ಲಿ ಮೂರು ಬಗೆಯ ಹನ್ನೆರಡನೇ ತರಗತಿಯವರು ಸಿಗಬಹುದು. ಐಎಸ್‌ಸಿಯವರಿಗೆ ಇಂಗ್ಲಿಷ್ ಭಾಷೆಯ ಪತ್ರಿಕೆಯಲ್ಲಿ 400ರಿಂದ 450 ಪದಗಳ ಸ್ವತಂತ್ರ ಪ್ರಬಂಧವಿದೆ, ಅದಕ್ಕೆ 20 ಅಂಕ. ಸಿಬಿಎಸ್‌ಇಯವರು 120ರಿಂದ 150 ಪದಗಳಲ್ಲಿ ಲೇಖನವನ್ನೋ ವರದಿಯನ್ನೋ ಬರೆಯುತ್ತಾರೆ. ನಮ್ಮ ದ್ವಿತೀಯ ಪಿಯುಸಿಯಲ್ಲಿ ಮಕ್ಕಳು ಎಸ್ಸೆ ಎಂದು ಕರೆಯುವುದು ಪಠ್ಯದ ಕಥೆ, ಕವಿತೆ, ನಾಟಕದ ಮೇಲಿನ ಸುಮಾರು 200 ಪದಗಳ ಉತ್ತರವನ್ನು. ಅಂಕ ಆರು. 2023–24ರಿಂದ ಲಿಖಿತ ಪರೀಕ್ಷೆ 80 ಅಂಕಕ್ಕೆ ಇಳಿದು, ಉಳಿದ 20 ಆಂತರಿಕ ಮೌಲ್ಯಮಾಪನಕ್ಕೆ ಹೋಗಿದೆ. ಎಂಬತ್ತರಲ್ಲಿ ಆರು ಎಷ್ಟರದು ಎನ್ನಬೇಡಿ. 80ರಿಂದ 100 ಪದಗಳ ನಾಲ್ಕು ಅಂಕದ ಉತ್ತರಗಳು ಬೇಡುವುದೂ ಇದೇ ಕೌಶಲವನ್ನು. ಇದು ಕೈಗೆ ಹತ್ತಿದರೆ ಪತ್ರಿಕೆಯ ದೊಡ್ಡ ಭಾಗವೇ ಹತ್ತಿದಂತೆ.

ಇಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲಿಯವರೆಗೆ ಇಂಗ್ಲಿಷನ್ನು ಸಾಮಾನ್ಯವಾಗಿ ದ್ವಿತೀಯ ಭಾಷೆಯಾಗಿ ಓದಿರುತ್ತಾರೆ. ಪಿಯುವಿಗೆ ಬಂದ ಮೇಲೆ ಆ ಮೆಟ್ಟಿಲಿಲ್ಲ. ಮಾಗಡಿ ರಸ್ತೆಯ ಸರ್ಕಾರಿ ಶಾಲೆಯಿಂದ ಬಂದವಳೂ ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಓದಿದವನೂ ಬರೆಯುವುದು ಒಂದೇ ಪತ್ರಿಕೆ. ಬೈಹಾರ್ಟಿನ ಮೊರೆ ಹೋಗುವುದು ಹೆಚ್ಚಾಗಿ ಮೊದಲನೆಯವಳು. ಅದು ಸೋಮಾರಿತನವಲ್ಲ, ಹೆದರಿಕೆ. ತಪ್ಪಿಲ್ಲದ ಇಂಗ್ಲಿಷ್ ಬೇರೆಯವರ ಹಾಳೆಯಲ್ಲಿದೆ, ನನ್ನದು ತಪ್ಪು ತಪ್ಪು ಎಂಬ ಹೆದರಿಕೆ.

ಆದರೆ ಬಾಯಿಪಾಠದ ಎಸ್ಸೆ ಬಾಡಿಗೆಗೆ ತಂದ ಶೇರ್ವಾನಿಯಂತೆ, ಅಳತೆ ಇನ್ಯಾರದೋ. ಒಂದೇ ಕಥೆಯ ಮೇಲೆ ಬಗೆಬಗೆಯ ಪ್ರಶ್ನೆ ಕೇಳಬಹುದು, ಕಂಠಪಾಠ ಮಾಡಿದ ಉತ್ತರ ಮಾತ್ರ ಒಂದೇ. ಇದನ್ನು ಒಂದು ಪಾಠ ಹಿಡಿದೇ ನೋಡೋಣ. ಹಲವು ವರ್ಷಗಳಿಂದ ದ್ವಿತೀಯ ಪಿಯುವಿಗೆ ಪಾಠವಾಗಿರುವ ಟಾಲ್‌ಸ್ಟಾಯ್ ಅವರ ‘ಟೂ ಡಿಯರ್!’ ಮೊಪಾಸಾನ ಕಥೆಯೊಂದನ್ನು ಆಧರಿಸಿದ್ದು. ಏಳು ಸಾವಿರ ಜನರ ಪುಟ್ಟ ಮೊನಾಕೊ ರಾಜ್ಯ, ಅಲ್ಲೊಂದು ಕೊಲೆ. ಕೊಲೆಗಾರನಿಗೆ ಶಿರಚ್ಛೇದನದ ಶಿಕ್ಷೆ ಆಗುತ್ತದೆ, ಆದರೆ ಅಲ್ಲಿ ಗಿಲೊಟಿನ್ನೂ ಇಲ್ಲ, ತಲೆ ಕಡಿಯುವವನೂ ಇಲ್ಲ. ಫ್ರಾನ್ಸ್ 16,000 ಫ್ರಾಂಕ್ ಕೇಳುತ್ತದೆ, ಇಟಲಿ 12,000. ದುಬಾರಿಯಾಯಿತೆಂದು ಶಿಕ್ಷೆಯನ್ನು ಜೀವಾವಧಿಗೆ ಇಳಿಸುತ್ತಾರೆ. ವರ್ಷ ಕಳೆದು ಲೆಕ್ಕ ನೋಡಿದರೆ ಕಾವಲಿಗೂ ಊಟಕ್ಕೂ 600 ಫ್ರಾಂಕ್ ಹೋಗಿದೆ, ಕೈದಿಯೋ ಗಟ್ಟಿಮುಟ್ಟಾಗಿದ್ದಾನೆ. ಕಾವಲುಗಾರನನ್ನು ತೆಗೆದರೆ ಓಡಿಹೋಗುತ್ತಾನೆ ಎಂದುಕೊಂಡರೆ, ಅವನು ತಾನೇ ಅರಮನೆಯ ಅಡುಗೆಮನೆಗೆ ಹೋಗಿ ಊಟ ತಂದು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಕೊನೆಗೆ ವರ್ಷಕ್ಕೆ 600 ಫ್ರಾಂಕ್ ಪಿಂಚಣಿ ಕೊಟ್ಟು ಅವನನ್ನು ಸಾಗಹಾಕಬೇಕಾಗುತ್ತದೆ.

ಈಗ ಮೂರು ಪ್ರಶ್ನೆ ಇಟ್ಟುಕೊಳ್ಳಿ. ಕೈದಿಯನ್ನು ಇಟ್ಟುಕೊಳ್ಳುವುದು ರಾಜನಿಗೆ ಹೇಗೆ ಹೊರೆಯಾಯಿತು? ಈ ಕಥೆ ಆಡಳಿತದ ಮೇಲಿನ ವ್ಯಂಗ್ಯವೇ? ಕೊನೆಗೆ ಗೆದ್ದವನು ಯಾರು? ಕಥೆ ಒಂದೇ, ಆದರೆ ಆರಿಸಿಕೊಳ್ಳಬೇಕಾದ ಸಂಗತಿ ಬೇರೆ ಬೇರೆ. ಮೊದಲನೆಯದಕ್ಕೆ 16,000, 12,000, 600 ಈ ಅಂಕಿಗಳೇ ಜೀವಾಳ. ಎರಡನೆಯದಕ್ಕೆ ಅಂಕಿಗಳನ್ನು ಒಂದು ವಾಕ್ಯದಲ್ಲಿ ದಾಟಿಸಿ, ಜೂಜುಕಟ್ಟೆಯ ಆದಾಯದಲ್ಲಿ ನಡೆಯುವ ಸರ್ಕಾರ, ಮತ್ತೆ ಮತ್ತೆ ಸಭೆ ಸೇರುವ ಮಂತ್ರಿಗಳು, ತಲೆ ಕಡಿಯಲು ಒಪ್ಪದ ಸೈನಿಕರು, ಇವನ್ನು ಎತ್ತಿಕೊಳ್ಳಬೇಕು. ಮೂರನೆಯದಕ್ಕೆ ಕೈದಿಯ ವಾದ ಬೇಕು: ಶಿಕ್ಷೆ ವಿಧಿಸಿ ನನ್ನ ಹೆಸರು ಕೆಡಿಸಿದಿರಿ, ಈಗ ಎಲ್ಲಿಗೆ ಹೋಗಲಿ ಎನ್ನುತ್ತಾನಲ್ಲ, ಅದು. ಗಡಿಯಾಚೆ ಜಮೀನು ಕೊಂಡು ತರಕಾರಿ ಬೆಳೆಯುವ ಅವನ ನೆಮ್ಮದಿಯೂ ಬೇಕು. ಬಾಯಿಪಾಠದವರು ಈ ಮೂರಕ್ಕೂ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿಬಿಡುತ್ತಾರೆ. ಅದರಲ್ಲಿ ಉತ್ತರವೂ ಎಲ್ಲೋ ಅಡಗಿರುತ್ತದೆ. ಅದನ್ನು ಹುಡುಕುವ ಕೆಲಸ ಏಪ್ರಿಲ್ ಸೆಕೆಯಲ್ಲಿ ಕಟ್ಟುಗಟ್ಟಲೆ ಉತ್ತರಪತ್ರಿಕೆ ಮುಂದಿಟ್ಟುಕೊಂಡ ಲೆಕ್ಚರರ್ ತಲೆಗೆ ಬೀಳುತ್ತದೆ. ಅವರು ಎಷ್ಟೆಂದು ಹುಡುಕಿಯಾರು?

ಪೀಠಿಕೆಯ ಚಟ ಬೇರೆ. ‘ಲಿಯೋ ಟಾಲ್‌ಸ್ಟಾಯ್ ಇಸ್ ಎ ಗ್ರೇಟ್ ರಷ್ಯನ್ ರೈಟರ್’ ಎಂದು ಶುರುವಾಗಿ, ಅವರ ಕಾದಂಬರಿಗಳ ಹೆಸರು ಮುಗಿದು, ‘ಇನ್ ದಿಸ್ ಸ್ಟೋರಿ ದಿ ಆಥರ್ ಟೆಲ್ಸ್’ ಎಂಬಲ್ಲಿಗೆ ಬರುವಷ್ಟರಲ್ಲಿ ನಲವತ್ತು ಪದ ಖರ್ಚಾಗಿರುತ್ತದೆ. ಅಂದರೆ ಇನ್ನೂರರಲ್ಲಿ ಐದನೇ ಒಂದು ಪಾಲು ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಬದಲಿಗೆ ಮೊದಲ ವಾಕ್ಯದಲ್ಲೇ ನಿಮ್ಮ ನಿಲುವು ಇರಲಿ. ವ್ಯಂಗ್ಯದ ಪ್ರಶ್ನೆಗೆ ‘ದಿ ಕಿಂಗ್ ವರೀಸ್ ಲೆಸ್ ಎಬೌಟ್ ಜಸ್ಟಿಸ್ ದ್ಯಾನ್ ಎಬೌಟ್ ಮನಿ’ ಎಂದರೆ ಸಾಕು. ಹತ್ತು ಪದವೂ ಇಲ್ಲ, ಕಷ್ಟದ ಶಬ್ದ ಒಂದೂ ಇಲ್ಲ, ಆದರೂ ಬರೆದವರು ಏನು ಹೇಳಲು ಹೊರಟಿದ್ದಾರೆ ಎಂದು ಓದುವವರಿಗೆ ತಿಳಿಯಿತು. ಮುಂದಿನ ವಾಕ್ಯಗಳಿಗೆ ಇದನ್ನು ತೋರಿಸಿಕೊಡುವುದೊಂದೇ ಕೆಲಸ.

ಹಾಗಾಗಿ ತಯಾರಿ ಎಂದರೆ ಉತ್ತರಗಳನ್ನು ಕೂಡಿಹಾಕುವುದಕ್ಕಿಂತ ನಿಲುವು ತೆಗೆದುಕೊಳ್ಳುವುದನ್ನು ರೂಢಿ ಮಾಡುವುದು. ಒಂದು ಪಾಠಕ್ಕೆ ಹಳೆಯ ಪತ್ರಿಕೆಗಳಿಂದ ನಾಲ್ಕೈದು ಪ್ರಶ್ನೆ ಆರಿಸಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಪುಕ್ಕಟೆಯಾಗಿ ಸಿಗುತ್ತವೆ. ಪ್ರತಿ ಪ್ರಶ್ನೆಗೂ ಪೂರ್ತಿ ಉತ್ತರ ಬರೆಯಬೇಡಿ. ಲಾಂಗ್‌ಬುಕ್ಕಿನಲ್ಲಿ ನಿಮ್ಮ ಅಭಿಪ್ರಾಯ ಒಂದು ಸಾಲು, ಅದಕ್ಕೆ ಪಾಠದಿಂದ ಮೂರು ಆಧಾರ, ಅಷ್ಟೇ. ಇದನ್ನು ಕನ್ನಡದಲ್ಲೇ ಬರೆಯಿರಿ. ಯೋಚನೆಯನ್ನೂ ಇಂಗ್ಲಿಷಿನಲ್ಲೇ ಮಾಡಬೇಕೆಂದು ಕೆಲವು ಮೇಷ್ಟ್ರುಗಳು ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಹದಿನೇಳರ ಹುಡುಗಿಗೆ ಕನ್ನಡದಲ್ಲಿ ಚುರುಕಾದ ಬುದ್ಧಿಯಿರುವಾಗ, ಬಾರದ ಭಾಷೆಯಲ್ಲಿ ಯೋಚಿಸೆಂದರೆ ಅವಳ ಯೋಚನೆಯೂ ಎಳಸಾಗಿಬಿಡುತ್ತದೆ.

ನಮ್ಮ ಪಠ್ಯದಲ್ಲಿ ಇದಕ್ಕೆ ಒದಗುವ ಅನುಕೂಲವೂ ಇದೆ. ಪಿ. ಲಂಕೇಶರ ಕಥೆ ‘ದಿ ಗಾರ್ಡನರ್’, ಕುವೆಂಪು ಅವರ ಕವಿತೆ ‘ಹೆವನ್, ಇಫ್ ಯು ಆರ್ ನಾಟ್ ಹಿಯರ್ ಆನ್ ಅರ್ತ್’ ಎರಡೂ ಕನ್ನಡದಿಂದ ಇಂಗ್ಲಿಷಿಗೆ ಹೋದವು. ಮೂಲವನ್ನು ಒಮ್ಮೆ ಓದಿದವರಿಗೆ ಇಂಗ್ಲಿಷ್ ಪಾಠದ ಅರ್ಧ ಗೊಂದಲ ಕರಗುತ್ತದೆ. ಅಂದಹಾಗೆ, ಇಬ್ಬರಿಗೂ ಇಂಗ್ಲಿಷ್ ಹೊರಗಿನದಾಗಿರಲಿಲ್ಲ. ಲಂಕೇಶ್ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಕುವೆಂಪು ಅವರ ಮೊದಲ ಸಂಕಲನ, 1922ರ ‘ಬಿಗಿನರ್ಸ್ ಮ್ಯೂಸ್’, ಇಂಗ್ಲಿಷ್ ಕವಿತೆಗಳದು. ನಿಮ್ಮ ನುಡಿಯಲ್ಲೇ ಬರೆಯಿರಿ ಎಂದು ಅವರಿಗೆ ಹೇಳಿದ್ದು ಐರಿಷ್ ಕವಿ ಜೇಮ್ಸ್ ಕಸಿನ್ಸ್.

ಸುತ್ತಲಿನ ಬದುಕನ್ನು ಉತ್ತರದೊಳಗೆ ತರಬಹುದೇ ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಏಳುತ್ತದೆ. ತರಬಹುದು, ಹಿಡಿತವಿದ್ದರೆ. ಪಿ. ಸಾಯಿನಾಥ್ ಅವರ ‘ವೇರ್ ದೇರ್ ಇಸ್ ಎ ವ್ಹೀಲ್’ ತೆಗೆದುಕೊಳ್ಳಿ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತ ವೃತ್ತಾಂತ ಅದು. 1992ರ ಮಹಿಳಾ ದಿನದಂದು ಊರೊಳಗೆ 1,500ಕ್ಕೂ ಹೆಚ್ಚು ಮಹಿಳೆಯರು ಸೈಕಲ್ ಏರಿ ಹೊರಟರು. ಹೆಣ್ಣುಮಕ್ಕಳ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ತುಳಿದರು. ಇದನ್ನು ಓದುವ ಕೆಂಗೇರಿಯ ವಿದ್ಯಾರ್ಥಿನಿಗೆ, 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲದೆ ಬಿಎಂಟಿಸಿ ಬಸ್ ಹತ್ತುವ ತನ್ನಮ್ಮ ನೆನಪಾಗುವುದು ಸಹಜ. ನೆನಪಾದರೆ ಒಂದು ವಾಕ್ಯ ಬರೆಯಲಿ. ಆದರೆ ಅಲ್ಲೊಂದು ವ್ಯತ್ಯಾಸವಿದೆ: ಬಸ್ಸಿಗೆ ಕಾಯಬೇಕು, ಸೈಕಲ್ ಹೊರಟಿತೆಂದರೆ ಹೊರಟಿತು. ಯಾರನ್ನೂ ಕಾಯದೆ ಹೊರಡುವ ಆ ಸ್ವಾತಂತ್ರ್ಯವೇ ಸಾಯಿನಾಥರ ಲೇಖನದ ತಿರುಳು. ಇಷ್ಟನ್ನು ಕಂಡುಕೊಂಡವಳ ಉತ್ತರ ಗೈಡಿನದಲ್ಲ ಎಂದು ಓದುವವರಿಗೆ ತಾನೇ ಗೊತ್ತಾಗುತ್ತದೆ. ಜಾರ್ಜ್ ಮಿಕೆಶ್ ಅವರ ಜಪಾನ್ ಮತ್ತು ಬ್ರೆಜಿಲ್ ಪ್ರವಾಸದ ಪಾಠಕ್ಕೆ ಮೈಸೂರು ರಸ್ತೆಯ ಟ್ರಾಫಿಕ್ ಪುರಾಣ ಅರ್ಧ ಪುಟ ಬರೆಯುವವರೂ ಇದ್ದಾರೆ. ಅವರು ಮಿಕೆಶ್‌ರನ್ನು ನಾಯಂಡಹಳ್ಳಿಯಲ್ಲೇ ಇಳಿಸಿ ಹೋಗಿರುತ್ತಾರೆ.

ಇನ್ನು ಭಾಷೆ. ಕನ್ನಡದವರು ಇಂಗ್ಲಿಷ್ ಬರೆಯುವಾಗ ಎಡವುವ ಜಾಗಗಳು ಬಹುಪಾಲು ಗೊತ್ತಿರುವಂಥವೇ. ನಮ್ಮಲ್ಲಿ ‘ಎ’, ‘ದಿ’ಗಳಿಲ್ಲ, ಹಾಗಾಗಿ ಬಿಟ್ಟುಹೋಗುತ್ತವೆ. ‘ಹೇಳಿದ’ ಎಂದರೆ ಯಾರೆಂದು ಕ್ರಿಯಾಪದವೇ ಹೇಳುತ್ತದೆ, ಹಾಗಾಗಿ ಇಂಗ್ಲಿಷಿನಲ್ಲೂ ಕರ್ತೃ ಮರೆತುಹೋಗುತ್ತದೆ. ‘ಹಿ ಟೋಲ್ಡ್ ದಟ್’ ಎಂದು ಬರೆಯುತ್ತೇವೆ, ಅಲ್ಲಿ ‘ಸೆಡ್’ ಬೇಕು. ‘ಡಿಸ್ಕಸ್ ಎಬೌಟ್’ನಲ್ಲಿ ‘ಎಬೌಟ್’ ಬೇಡ. ಕಥೆಯನ್ನು ವರ್ತಮಾನಕಾಲದಲ್ಲಿ ಹೇಳಲು ಶುರುಮಾಡಿದರೆ ಕೊನೆಯವರೆಗೂ ಅದರಲ್ಲೇ ಇರಬೇಕು, ನಡುವೆ ಭೂತಕಾಲಕ್ಕೆ ಜಾರಬಾರದು.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು, ಯಾವ ವ್ಯಾಕರಣದ ಪುಸ್ತಕವೂ ಅಷ್ಟಾಗಿ ಹೇಳದ ಒಂದು ಅಭ್ಯಾಸ. ಕನ್ನಡದಲ್ಲಿ ‘ಎದ್ದು, ಹೋಗಿ, ಊಟ ತಂದು, ತಿಂದು, ಬಾಗಿಲು ಹಾಕಿ ಮಲಗಿದ’ ಎಂದು ಐದಾರು ಕೆಲಸಗಳನ್ನು ಪೋಣಿಸಿ ಕೊನೆಗೊಂದೇ ಕ್ರಿಯಾಪದದಲ್ಲಿ ಮುಗಿಸಬಹುದು. ಕೇಳಲೂ ಚೆನ್ನ. ಅದೇ ಲಯದಲ್ಲಿ ಇಂಗ್ಲಿಷ್ ಬರೆದರೆ ‘ಅಂಡ್’, ‘ಅಂಡ್’, ‘ಅಂಡ್’ ಎಂದು ವಾಕ್ಯ ಆರು ಸಾಲು ಓಡುತ್ತದೆ, ಮೂರನೆಯ ಸಾಲಿಗೆ ಕಾಲ ಕೆಡುತ್ತದೆ, ಐದನೆಯದಕ್ಕೆ ಕರ್ತೃ ಬದಲಾಗಿರುತ್ತಾನೆ. ಎರಡು ಕೆಲಸಕ್ಕೊಂದು ಫುಲ್‌ಸ್ಟಾಪ್ ಇಡಿ. ಹನ್ನೆರಡು ಹದಿನೈದು ಪದಕ್ಕೆ ವಾಕ್ಯ ಮುಗಿಯಲಿ. ಇದೊಂದನ್ನು ಪಾಲಿಸಿದರೂ ಅರ್ಧಕ್ಕರ್ಧ ತಪ್ಪು ತಾನಾಗಿ ನಿಲ್ಲುತ್ತದೆ.

ಕಿವಿಗೆ ಇಂಗ್ಲಿಷ್ ವಾಕ್ಯದ ಓಟ ಹಿಡಿಯಲು ನಾನು ಹೇಳುವ ಉಪಾಯಕ್ಕೆ ಖರ್ಚಿಲ್ಲ. ‘ಪ್ರಜಾವಾಣಿ’, ‘ಡೆಕ್ಕನ್ ಹೆರಾಲ್ಡ್’ ಎರಡೂ 1948ರಲ್ಲಿ ಒಂದೇ ಸಂಸ್ಥೆಯಿಂದ ಹೊರಟ ಪತ್ರಿಕೆಗಳು. ಹಂಪಿನಗರದಲ್ಲಿರುವ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯದಂಥ ಕಡೆ ಕುಳಿತು, ಒಂದೇ ಸುದ್ದಿಯನ್ನು ಎರಡರಲ್ಲೂ ಓದಿ. ಮೊದಲು ಕನ್ನಡ, ಆಮೇಲೆ ಇಂಗ್ಲಿಷ್. ವಿಷಯ ಆಗಲೇ ಗೊತ್ತಿರುವುದರಿಂದ ಡಿಕ್ಷನರಿಗೆ ತಡಕಾಡಬೇಕಿಲ್ಲ. ಕನ್ನಡ ಎಲ್ಲಿ ಎಳೆದು ಹೇಳಿತು, ಇಂಗ್ಲಿಷ್ ಎಲ್ಲಿ ತುಂಡರಿಸಿತು ಎಂಬುದರ ಮೇಲೇ ಕಣ್ಣಿರಲಿ. ಹಿಡಿಸಿದ ಎರಡು ವಾಕ್ಯ ಬರೆದುಕೊಳ್ಳಿ, ಇಪ್ಪತ್ತು ಬೇಡ.

ಪ್ರಿಪರೇಟರಿ ಪರೀಕ್ಷೆ ಹತ್ತಿರವಾದಂತೆ ಗಡಿಯಾರ ಇಟ್ಟುಕೊಂಡು ಬರೆಯುವುದು ಶುರುವಾಗಲಿ. ನಿಮಿಷಕ್ಕೆ ಹದಿನೈದು ಪದ ಕೈಬರಹದಲ್ಲಿ ಸಾಗಿದರೆ ಇನ್ನೂರು ಪದಕ್ಕೆ ಹದಿಮೂರು ಹದಿನಾಲ್ಕು ನಿಮಿಷ. ಯೋಚನೆಗೆ ಮೂರು ಸೇರಿಸಿ. ಸಾಲಿಗೆ ಎಂಟು ಪದ ಬರೆಯುವವರಿಗೆ ಇನ್ನೂರು ಎಂದರೆ ಇಪ್ಪತ್ತೈದು ಸಾಲು. ನಿಮ್ಮ ಅಕ್ಷರಕ್ಕೆ ಎಷ್ಟು ಸಾಲಾಗುತ್ತದೆ ಎಂದು ಒಮ್ಮೆ ಎಣಿಸಿಟ್ಟುಕೊಂಡರೆ ಹಾಲಿನಲ್ಲಿ ಪದ ಎಣಿಸುವ ಕಷ್ಟ ತಪ್ಪುತ್ತದೆ. ನಾಲ್ಕು ಪುಟ ತುಂಬಿಸಿದರೆ ಹೆಚ್ಚು ಅಂಕ ಎಂಬುದನ್ನು ನಂಬಿದವರು ಅದರ ಬೆಲೆಯನ್ನು ಅರ್ಜಿ ಪತ್ರದಲ್ಲೂ ವ್ಯಾಕರಣದಲ್ಲೂ ತೆರುತ್ತಾರೆ. ಅಲ್ಲಿ ಸುಲಭದ ಅಂಕಗಳು ಕಾದಿರುತ್ತವೆ, ಸಮಯ ಉಳಿದಿರುವುದಿಲ್ಲ.

ಪ್ರಶ್ನೆಪತ್ರಿಕೆ ಓದಲು ಕೊಡುವ ಮೊದಲ ಹದಿನೈದು ನಿಮಿಷದಲ್ಲಿ ಆರು ಅಂಕದ ಪ್ರಶ್ನೆಗಳನ್ನೇ ಮೊದಲು ನೋಡಿ. ಆಯ್ಕೆ ಇರುತ್ತದೆ. ಇಷ್ಟದ ಪಾಠ ಕಂಡಕೂಡಲೇ ಅದನ್ನೇ ಹಿಡಿಯುವುದು ಎಲ್ಲರ ಸ್ವಭಾವ. ಆದರೆ ಆರಿಸಬೇಕಾದದ್ದು ಪಾಠವನ್ನಲ್ಲ, ನಿಮಗೆ ಖಚಿತವಾದ ಅಭಿಪ್ರಾಯವಿರುವ ಪ್ರಶ್ನೆಯನ್ನು. ಪ್ರಶ್ನೆಯಲ್ಲಿ ‘ಹೌ’ ಇದೆಯೋ ‘ವೈ’ ಇದೆಯೋ ನೋಡಿ. ಒಂದು ಹೇಳಿಕೆ ಕೊಟ್ಟು ‘ಡಿಸ್ಕಸ್’ ಎಂದಿದ್ದರೆ ಆ ಹೇಳಿಕೆಯನ್ನು ಒಪ್ಪದಿರುವ ಹಕ್ಕೂ ನಿಮಗಿದೆ. ಬರೆದಾದ ಮೇಲೆ ಕೊನೆಯ ಐದು ನಿಮಿಷ ಇಡೀ ಉತ್ತರವನ್ನು ಓದಲು ಹೋಗಬೇಡಿ, ದಣಿದ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ‘ಹಿ’, ‘ಶಿ’ ಬಂದ ಕಡೆ ಮಾತ್ರ ಬೆರಳಿಟ್ಟು, ವರ್ತಮಾನಕಾಲದ ಕ್ರಿಯಾಪದಕ್ಕೆ ‘ಎಸ್’ ಬಿದ್ದಿದೆಯೇ ನೋಡುತ್ತ ಹೋಗಿ.