ತಲೆಗೆ 1,026 ಸಾಲು

ಕಾಸರಗೋಡಿನ ಯಾವುದೋ ಕನ್ನಡ ಮಾಧ್ಯಮ ಶಾಲೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಲ್ಯಾಬಿನಲ್ಲಿ ಲ್ಯಾಪ್‌ಟಾಪ್ ತೆರೆದಳು ಎಂದುಕೊಳ್ಳಿ. ವಯಸ್ಸು 13. ಪರದೆಯಲ್ಲಿ ಮೂಡಿದ್ದು ಕೈಟ್ ಗ್ನೂ/ಲಿನಕ್ಸ್, ಕೇರಳದ ಶಾಲೆಗಳಿಗೆಂದೇ ಹೊಂದಿಸಿದ ಮುಕ್ತ ತಂತ್ರಾಂಶ. ಅದು ನಿಂತಿರುವುದು ಉಬುಂಟು ಎಂಬ ಮತ್ತೊಂದು ತಂತ್ರಾಂಶದ ಮೇಲೆ. ಉಬುಂಟು ನಿಂತಿರುವುದು ಡೆಬಿಯನ್ ಎಂಬ ಇನ್ನೊಂದರ ಮೇಲೆ.

ಈ ಡೆಬಿಯನ್ನಿನ 12ನೆಯ ಆವೃತ್ತಿ 2023ರ ಜೂನ್ 10ರಂದು ಹೊರಬಂತು. ಅದರಲ್ಲಿದ್ದ ಪ್ಯಾಕೇಜುಗಳು 64,419. ಸೋರ್ಸ್ ಕೋಡಿನ ಸಾಲುಗಳು 134,15,64,204.

ನೂರ ಮೂವತ್ತನಾಲ್ಕು ಕೋಟಿ ಎಂದು ಬಾಯಲ್ಲಿ ಹೇಳಿಬಿಡಬಹುದು. ಓದಲು ಕೂತರೆ ಗೊತ್ತಾಗುತ್ತದೆ. ಸೆಕೆಂಡಿಗೆ ಒಂದು ಸಾಲಿನಂತೆ, ಊಟ ನಿದ್ದೆ ಬಿಟ್ಟು ಹಗಲಿರುಳು ಓದಿದರೆ 42 ವರ್ಷ ಆರು ತಿಂಗಳು ಬೇಕು. ನಮ್ಮ ಹುಡುಗಿ ಇವತ್ತು ಶುರು ಮಾಡಿದರೆ ಕೊನೆಯ ಸಾಲು ಮುಟ್ಟುವಾಗ 55 ದಾಟಿರುತ್ತದೆ. ಕೇರಳದಲ್ಲಿ ಹಳೆಯ ಪಿಂಚಣಿ ಪದ್ಧತಿಯ ಸರಕಾರಿ ನೌಕರರು ನಿವೃತ್ತರಾಗುವುದು 56ಕ್ಕೆ.

ಇಷ್ಟೂ ಅವಳ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ, ನಿಜ. ಅಲ್ಲಿರುವುದು ಈ ಕಣಜದಿಂದ ಅಳೆದುಕೊಂಡ ಕೆಲವು ಸೇರು ಮಾತ್ರ. ಆದರೆ ಕಣಜಕ್ಕೆ ಹುಳು ಬೀಳದಂತೆ ಯಾರೋ ಕಾಯಬೇಕಲ್ಲ? ಡೆಬಿಯನ್ನಿನ ಅಧಿಕೃತ ಡೆವಲಪರುಗಳು ಜಗತ್ತಿನಲ್ಲೆಲ್ಲ ಸೇರಿ ಸುಮಾರು 1,000 ಮಂದಿ. ಎಲ್ಲ ಸಾಲುಗಳನ್ನೂ ಅವರೇ ಬರೆದದ್ದಲ್ಲ. ಬರೆದವರು ಬೇರೆ ಬೇರೆ ಕಡೆ ಇದ್ದಾರೆ. ಇವರು ಅದನ್ನು ತಂದು, ಜೋಡಿಸಿ, ತಪ್ಪು ಕಂಡಲ್ಲಿ ತೇಪೆ ಹಾಕುತ್ತಾರೆ, ಸ್ವಯಂಸೇವೆಯಾಗಿ. ಭಾಗಿಸಿ ನೋಡಿ: ತಲೆಗೆ 13 ಲಕ್ಷ 41 ಸಾವಿರ ಸಾಲು. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ತಲಪಾಡಿ ಗಡಿಯಿಂದ ತೃಕ್ಕರಿಪುರದವರೆಗಿನ ಅಷ್ಟೂ ಜನರನ್ನು ಒಬ್ಬೊಬ್ಬರಾಗಿ ವಿಚಾರಿಸಿಕೊಳ್ಳುವ ಹೊಣೆಯನ್ನು ಒಬ್ಬನೇ, ಸಂಬಳವಿಲ್ಲದೆ, ಸಂಜೆಯ ಬಿಡುವಿನಲ್ಲಿ ಹೊತ್ತ ಹಾಗೆ.

ಇನ್ನು ಹಣದ ಲೆಕ್ಕ. 2019ರಲ್ಲಿ ಉಬುಂಟು 18.04ರ ಮೇಲೆ ಕಟ್ಟಿದ ಆವೃತ್ತಿಯನ್ನು ಕೇರಳ ಸರಕಾರದ ಕೈಟ್ ಸಂಸ್ಥೆ ಬಿಡುಗಡೆ ಮಾಡಿತು. ರಾಜ್ಯದ ಶಾಲೆಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ಹೋಗುತ್ತದೆ, ಲೈಸೆನ್ಸ್ ಕೊಳ್ಳುವ ಖರ್ಚಿನಲ್ಲಿ 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂಬುದು ಸಂಸ್ಥೆಯ ಆಗಿನ ಲೆಕ್ಕ. ಅಂದರೆ ಕಂಪ್ಯೂಟರೊಂದಕ್ಕೆ ಒಂದೂವರೆ ಲಕ್ಷ ರೂಪಾಯಿಯ ವಸ್ತು ಪುಕ್ಕಟೆ.

ಪುಕ್ಕಟೆ ಸಿಕ್ಕಿದ್ದಕ್ಕೂ ಆಯುಷ್ಯವಿದೆ. ಉಬುಂಟು 18.04 ಬಂದದ್ದು 2018ರ ಏಪ್ರಿಲಿನಲ್ಲಿ. ಸಾಮಾನ್ಯ ಬಳಕೆದಾರರಿಗೆ ಅದರ ರಿಪೇರಿ ನಿಂತದ್ದು 2023ರ ಮೇ ತಿಂಗಳಲ್ಲಿ. ಐದೇ ವರ್ಷ. ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಬಿಡಬೇಕು, ಹಳೆಯದನ್ನೇ ಇನ್ನೂ ಹತ್ತು ವರ್ಷ ನೋಡಿಕೊಂಡರೆ ರಿಪೇರಿ ಮಾಡುವವರ ಗಂಟೇನು ಹೋಗುತ್ತದೆ ಎಂದು ಕೇಳುವವರಿದ್ದಾರೆ. ಹೋಗುವ ಗಂಟು ಎಷ್ಟೆಂದು 2021ರ ಡಿಸೆಂಬರ್ ತೋರಿಸಿತು.

ಆ ತಿಂಗಳು ಲಾಗ್4ಜೆ ಎಂಬ ಪುಟ್ಟ ಜಾವಾ ತಂತ್ರಾಂಶದಲ್ಲಿ ತೂತೊಂದು ಬಯಲಾಯಿತು. ಅದರ ಕೆಲಸ ದಿನಚರಿ ಬರೆಯುವುದು, ಅಂದರೆ ದೊಡ್ಡ ತಂತ್ರಾಂಶದೊಳಗೆ ಏನೇನು ನಡೆಯಿತೆಂದು ದಾಖಲಿಸಿಡುವುದು. ಅಪಾಯದ ಅಂಕ 10ಕ್ಕೆ 10. ಲಾಗ್4ಜೆಯನ್ನು ನೋಡಿಕೊಳ್ಳುವ ಅಪಾಚೆ ಸಂಸ್ಥೆಯ ಸ್ವಯಂಸೇವಕರು ಮೂರು ವಾರದೊಳಗೆ ಒಂದರ ಹಿಂದೊಂದು ನಾಲ್ಕು ಆವೃತ್ತಿ ಹೊರತಂದರು. ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಆವೃತ್ತಿಗೆ ಜಾವಾ 8 ಬೇಕು, ಎಷ್ಟೋ ಕಚೇರಿಗಳು ಇನ್ನೂ ಜಾವಾ 7ರಲ್ಲೂ 6ರಲ್ಲೂ ಕೂತಿದ್ದವು. ಹಾಗಾಗಿ ಅದೇ ತೇಪೆಯನ್ನು 2.17.1, 2.12.4, 2.3.2 ಎಂದು ಮೂರು ಅಳತೆಯಲ್ಲಿ ಹೊಲಿದುಕೊಟ್ಟರು. ಜಾವಾ 6 ಹೊರಬಂದದ್ದು 2006ರ ಡಿಸೆಂಬರಿನಲ್ಲಿ. ಆ ತಿಂಗಳು ಹುಟ್ಟಿದ ಮಗು ಆಗ ಎಸ್ಸೆಸ್ಸೆಲ್ಸಿಯಲ್ಲಿತ್ತು! ಇದಕ್ಕೂ ಹಳೆಯ ಲಾಗ್4ಜೆ 1ಕ್ಕೆ 2015ರ ಆಗಸ್ಟಿನಲ್ಲೇ ಮಂಗಳ ಹಾಡಿಯಾಗಿತ್ತು. ಆರು ವರ್ಷದ ಮೇಲೂ ಅದನ್ನು ಓಡಿಸುತ್ತಿದ್ದವರಿದ್ದರು. ಬಿಡದೆ ಉಳಿಸಿಕೊಂಡ ಒಂದೊಂದು ಹಳೆಯ ಆವೃತ್ತಿಯೂ ಸ್ವಯಂಸೇವಕನ ರಾತ್ರಿಯನ್ನು ಎರಡಾಗಿ, ಮೂರಾಗಿ ಭಾಗಿಸುತ್ತದೆ.

ಒಬ್ಬನೇ ಇರುವಲ್ಲಿ ಭಾಗಿಸಲೂ ಏನಿಲ್ಲ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶ ಹೆಚ್ಚುಕಡಿಮೆ ಎಲ್ಲ ಲಿನಕ್ಸುಗಳಲ್ಲೂ ಇದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡದ್ದು ಫಿನ್‌ಲೆಂಡಿನ ಲಾಸೆ ಕಾಲಿನ್ ಒಬ್ಬರೇ. 2022ರಲ್ಲಿ ಕೆಲವರು ಅವರ ಬೆನ್ನು ಬಿದ್ದರು: ಕೆಲಸ ನಿಧಾನವಾಯಿತು, ಕೈಲಾಗದಿದ್ದರೆ ಬೇರೆಯವರಿಗೆ ಬಿಡಿ. ಇದು ಸಂಬಳವಿಲ್ಲದ ಹವ್ಯಾಸ ಎಂದು ಅವರು ನೆನಪಿಸಬೇಕಾಯಿತು. ಕೊನೆಗೆ ‘ಜಿಯಾ ಟಾನ್’ ಹೆಸರಿನ ಸಹಾಯಕನಿಗೆ ಕೀಲಿಕೈಯಲ್ಲಿ ಪಾಲು ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಅದೇ ಹೆಸರಿನ ಕೈ ಎಕ್ಸ್‌ಝಡ್ಡಿನೊಳಗೆ ಕಳ್ಳಬಾಗಿಲೊಂದನ್ನು ಇಟ್ಟಿತು. ಬೆನ್ನು ಬಿದ್ದವರೂ ಅದೇ ಸಂಚಿನ ಮುಖವಾಡಗಳಿರಬೇಕು ಎಂಬುದು ಈಗಿನ ಬಲವಾದ ಗುಮಾನಿ. ಆಗ ಯಾರಿಗೂ ಸಂಶಯ ಬರಲಿಲ್ಲ. ಪುಕ್ಕಟೆ ಪಡೆದು ಗದರುವ ಬಳಕೆದಾರ ಅಷ್ಟು ಮಾಮೂಲಿ, ಕಳ್ಳನಿಗೆ ಅದಕ್ಕಿಂತ ಒಳ್ಳೆಯ ವೇಷ ಬೇಕಿರಲಿಲ್ಲ.

ಸಿಕ್ಕಿಬಿದ್ದದ್ದು ಅರ್ಧ ಸೆಕೆಂಡಿನಿಂದ. ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ಬೇರೇನೋ ಪರೀಕ್ಷಿಸುತ್ತಿದ್ದಾಗ ಲಾಗಿನ್ ಅಷ್ಟು ತಡವಾದದ್ದನ್ನು ಗಮನಿಸಿ ಬೆನ್ನಟ್ಟಿದರು, 2024ರ ಮಾರ್ಚ್ 29ರಂದು ಜಗತ್ತಿಗೆ ಸಾರಿದರು. ಓದಿ ಮುಗಿಸಲು 42 ವರ್ಷ ಬೇಕಾಗುವ ಕಣಜವನ್ನು ಆ ಸಲ ಉಳಿಸಿದ್ದು ಒಬ್ಬನ ಅರ್ಧ ಸೆಕೆಂಡಿನ ಅಸಮಾಧಾನ.

ಪುಕ್ಕಟೆ ಸಿಕ್ಕಿದ್ದನ್ನೂ ಯಾರೋ ಕಾಯಬೇಕೆಂದು ಕಾಸರಗೋಡು ಜಿಲ್ಲೆಯ ಬಾಯಾರು, ಎಣ್ಮಕಜೆಯ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೈಯಲ್ಲೇ ಕೊರೆದ ಸುರಂಗಗಳಿವೆ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಹರಿದು ತೋಟಕ್ಕೆ ಬರುತ್ತದೆ. ಒಳಗೆ ಆಗಾಗ ಮಣ್ಣು ಜರಿಯುತ್ತದೆ. ತೆಗೆಯದಿದ್ದರೆ ನೀರು ನಿಲ್ಲುತ್ತದೆ. ಆಗ ಅಜ್ಜನ ಕಾಲದಲ್ಲಿ ತೋಡಿಕೊಟ್ಟವನ ಮನೆಗೆ ಹೋಗಿ ಯಾರೂ ಜಗಳವಾಡುವುದಿಲ್ಲ. ನೀರು ಕುಡಿಯುವ ಮನೆಯವರೇ ಹಾರೆ ಹಿಡಿಯುತ್ತಾರೆ, ಇಲ್ಲವೇ ಕೂಲಿ ಕೊಟ್ಟು ತೆಗೆಸುತ್ತಾರೆ.

ಕೇರಳದ ಶಾಲೆಗಳ ಮಟ್ಟಿಗೆ ಆದದ್ದೂ ಇದೇ. ಕೈಟ್ ಸಂಸ್ಥೆ ಬಿಟ್ಟಿ ನೀರು ಕುಡಿದು ಸುಮ್ಮನಿರಲಿಲ್ಲ. ಸಂಬಳದ ಜನರನ್ನಿಟ್ಟು ಪಠ್ಯಕ್ಕೆ ತಕ್ಕಂತೆ ಹೊಂದಿಸಿತು, ಶಿಕ್ಷಕರಿಗೆ ಕಲಿಸಿತು, 18.04ರ ಬಳಿಕ 22.04ರ ಮೇಲೆ ಹೊಸದನ್ನು ಕಟ್ಟಿತು.

ಕೊನೆಗೊಂದು ಭಾಗಾಕಾರ. 134 ಕೋಟಿ ಸಾಲುಗಳನ್ನು ಕಾಸರಗೋಡಿನ ಅಷ್ಟೂ ಜನರಿಗೆ ಹಂಚಿದರೆ ತೊಟ್ಟಿಲ ಮಗುವಿನಿಂದ ಹಣ್ಣು ಮುದುಕರವರೆಗೆ ತಲೆಗೆ ಬರುವುದು 1,026 ಸಾಲು. ಸೆಕೆಂಡಿಗೊಂದರಂತೆ ಓದಿದರೆ ಹದಿನೇಳು ನಿಮಿಷ. ಹಳೆಯ ಕಂಪ್ಯೂಟರೊಂದಕ್ಕೆ ಹೊಸ ಆವೃತ್ತಿ ಹಾಕಿಕೊಳ್ಳಲು ಅದಕ್ಕಿಂತ ತುಸು ಹೆಚ್ಚು ಹೊತ್ತು ಬೇಕಾದೀತು.