ತಾಡಪತ್ರಿ ಮನೆಯಲ್ಲಿದೆ, ಕಮಾನು ಎಲ್ಲಿದೆ?
ಹಗುರವಾದ ಮಡಚು ಡೇರೆ: ಕಿರು ಕೈಗಾರಿಕೆಗೆ ಒಂದು ಅವಕಾಶ

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ದ್ರಾಕ್ಷಿ ಬೆಳೆಗಾರರ ಕಣ್ಣು ಒಮ್ಮೆ ಗಿಡದ ಮೇಲಿದ್ದರೆ ಇನ್ನೊಮ್ಮೆ ಆಕಾಶದ ಮೇಲಿರುತ್ತದೆ. ಅಕ್ಟೋಬರ್ ಚಾಟ್ನಿಯ ಫಸಲು ಕೊಯ್ಲಿಗೆ ಬರುವುದೂ, ಈ ಭಾಗದವರು ಮಣೂಕ ಎಂದು ಕರೆಯುವ ಒಣದ್ರಾಕ್ಷಿಯ ತಯಾರಿಕೆ ನಡೆಯುವುದೂ ಇದೇ ಅವಧಿಯಲ್ಲಿ. ಅಡ್ಡಮಳೆ ಸುರಿಯುವ ಭಯವಿರುವುದೂ ಇದೇ ಅವಧಿಯಲ್ಲಿಯೇ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಯಿಂದ ದೊರೆಯುವುದು ಒಂದು ಕಿಲೋ ಒಣದ್ರಾಕ್ಷಿ. ಹದಿನೈದು ದಿನಗಳ ಆಸುಪಾಸಿನ ಒಣಗಿಸುವಿಕೆಯಲ್ಲಿ ಒಂದು ರಾತ್ರಿಯ ತೇವ ತಗುಲಿದರೂ ಸರಕಿನ ಬಣ್ಣ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ, ಪೇಟೆಯಲ್ಲಿ ದರ ಇಳಿಯುತ್ತದೆ.

ಮೋಡ ಕವಿದ ಕೂಡಲೇ ಪ್ರತಿಯೊಂದು ತೋಟದಲ್ಲಿಯೂ ಹೊರಬರುವ ವಸ್ತು ತಾಡಪತ್ರಿ. ರೈತ ಸಂಪರ್ಕ ಕೇಂದ್ರಗಳ ಮೂಲಕ ರಿಯಾಯತಿ ದರದಲ್ಲಿ ದೊರೆತದ್ದಿರಬಹುದು, ಪೇಟೆಯಿಂದ ತಂದದ್ದಿರಬಹುದು, ತಾಡಪತ್ರಿಯಿಲ್ಲದ ರೈತನ ಮನೆ ಈಗ ಅಪರೂಪ. ಆದರೆ ಅದನ್ನು ಎತ್ತಿ ಹಿಡಿಯುವ ಚೌಕಟ್ಟು ಮಾತ್ರ ಯಾರಲ್ಲಿಯೂ ಸಿದ್ಧವಾಗಿ ಇರುವುದಿಲ್ಲ. ಕೈಗೆ ಸಿಕ್ಕ ಗಳ, ಕಲ್ಲು, ಹಗ್ಗಗಳಿಂದ ಕೆಲಸ ಸಾಗುತ್ತದೆ. ಸರಕಿನ ಮೇಲೆ ನೇರವಾಗಿ ಹಾಸಿದ ತಾಡಪತ್ರಿ ಮಳೆಯನ್ನು ತಡೆದರೂ ಒಳಗಿನ ತೇವವನ್ನು ಹೊರಗೆ ಬಿಡದು. ಬೆಳಗಾಗುವಷ್ಟರಲ್ಲಿ ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ ನೀರು ಸರಕಿನ ಮೇಲೆಯೇ ಇಳಿಯುತ್ತದೆ. ಕೊರತೆಯಿರುವುದು ಬಟ್ಟೆಯದಲ್ಲ, ಕಮಾನಿನದು. ವಿಜಯಪುರದ ಸಣ್ಣ ತಯಾರಕರು ಗಮನಿಸಬೇಕಾದ ಸಂಗತಿ ಇದು.

ಬಾಗುವುದರಲ್ಲಿರುವ ಬಲ

ಬಾಗುವ ಚೌಕಟ್ಟು ಈ ನೆಲಕ್ಕೆ ಹೊಸದಲ್ಲ. ಬಿದಿರಿನ ಸೀಳುಗಳನ್ನು ಬಾಗಿಸಿ ಕಮಾನು ಕಟ್ಟಿ ಮೇಲೆ ಬಟ್ಟೆ ಹೊದಿಸಿದ ಸವಾರಿ ಬಂಡಿಗಳನ್ನು ಹಿರಿಯರು ಕಂಡಿದ್ದಾರೆ. ಹೊರದೇಶಗಳಲ್ಲಿ ಇದೇ ತತ್ವವು ಹೊಸ ವಸ್ತುಗಳೊಡನೆ ಉದ್ಯಮವಾಗಿ ಬೆಳೆಯಿತು. ಅಮೆರಿಕದ ಕಲಾವಿದ ಬಿಲ್ ಮಾಸ್ 1955ರಲ್ಲಿ ಬಾಗುವ ಫೈಬರ್‌ಗ್ಲಾಸ್ ಕಡ್ಡಿಗಳ ಪಾಪ್ ಟೆಂಟ್ ರೂಪಿಸಿದರು. 1975ರಲ್ಲಿ ನಾರ್ತ್ ಫೇಸ್ ಕಂಪನಿಯು ಕಮಾನುಗಳು ಒಂದನ್ನೊಂದು ಹಾಯ್ದುಹೋಗುವ ಗುಮ್ಮಟಾಕಾರದ ಡೇರೆಯನ್ನು ಮಾರುಕಟ್ಟೆಗೆ ತಂದಿತು. 2005ರಲ್ಲಿ ಫ್ರಾನ್ಸಿನ ಡೆಕಾಥ್ಲಾನ್, ಗಾಳಿಗೆ ಎಸೆದರೆ ತಾನೇ ಬಿಚ್ಚಿಕೊಳ್ಳುವ ಡೇರೆಯನ್ನು ಪರಿಚಯಿಸಿತು.

ಇವುಗಳೆಲ್ಲದರ ಹಿಂದಿರುವ ಲೆಕ್ಕ ಸರಳವಾದುದು. ಗೋಲಗುಮ್ಮಟದ ಗುಮ್ಮಟವು ತನ್ನ ಭಾರವನ್ನೇ ಬಲವಾಗಿಸಿಕೊಂಡು ನಿಂತಿದೆ. ಡೇರೆಯ ಕಮಾನು ನಿಲ್ಲುವುದು ನೆಟ್ಟಗಾಗಬೇಕೆಂಬ ತನ್ನ ಹಟದಿಂದ. ಆ ಹಟವೇ ಬಟ್ಟೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಕಡ್ಡಿಯನ್ನು ಬಾಗಿಸಿದಾಗ ಅದರ ಹೊರಮೈಯಲ್ಲಿ ಉಂಟಾಗುವ ಒತ್ತಡವು ಮೂರು ಸಂಗತಿಗಳನ್ನು ಅವಲಂಬಿಸಿದೆ: ವಸ್ತುವಿನ ಗಡಸುತನ, ಕಡ್ಡಿಯ ದಪ್ಪ ಮತ್ತು ಬಾಗಿನ ತ್ರಿಜ್ಯ. 10 ಮಿ.ಮೀ. ದಪ್ಪದ ಸಾದಾ ಕಬ್ಬಿಣದ ಸರಳನ್ನು ಒಂದು ಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ ಲೆಕ್ಕದ ಪ್ರಕಾರ ಸುಮಾರು 1000 ಮೆಗಾಪಾಸ್ಕಲ್ ಒತ್ತಡ ಬೀಳಬೇಕು. ಆದರೆ ಅದರ ತಾಳಿಕೆ 250ರ ಆಸುಪಾಸು ಮಾತ್ರ. ಆದ್ದರಿಂದ ಅದು ಬಾಗಿದಂತೆಯೇ ಉಳಿದುಬಿಡುತ್ತದೆ, ಮರಳಿ ನೆಟ್ಟಗಾಗದು. ಅದೇ ಗಾತ್ರದ ಒಳ್ಳೆಯ ಫೈಬರ್‌ಗ್ಲಾಸ್ ಕಡ್ಡಿಯ ಮೇಲೆ ಬೀಳುವುದು 200ರಿಂದ 300. ತಾಳಿಕೆ 600ಕ್ಕೂ ಮೇಲ್ಪಟ್ಟಿರುವುದರಿಂದ ಬಿಟ್ಟ ಕೂಡಲೇ ನೆಟ್ಟಗಾಗುತ್ತದೆ. ತೂಕದಲ್ಲಿಯೂ ಅದು ಕಬ್ಬಿಣದ ಸುಮಾರು ಕಾಲು ಭಾಗ.

ಹೆಚ್ಚು ಬಲ ಬೇಕೆಂದು ದಪ್ಪವನ್ನು ಹೆಚ್ಚಿಸುವ ಮುನ್ನ ಯೋಚಿಸುವುದು ಅವಶ್ಯ. ಕಡ್ಡಿಯ ದಪ್ಪ ಇಮ್ಮಡಿಯಾದರೆ ತೂಕ ನಾಲ್ಕು ಪಟ್ಟು, ಬಾಗಿಸಲು ಬೇಕಾದ ಶ್ರಮ ಹದಿನಾರು ಪಟ್ಟು ಆಗುತ್ತದೆ. ಮುರಿಯದೆ ಬಾಗುವ ಕನಿಷ್ಠ ತ್ರಿಜ್ಯವೂ ಇಮ್ಮಡಿಯಾಗುತ್ತದೆ. ದಪ್ಪ ಕಡ್ಡಿಯ ಒಂದು ಕಮಾನಿಗಿಂತ ತೆಳು ಕಡ್ಡಿಯ ಮೂರು ಕಮಾನುಗಳು ಈ ಕೆಲಸಕ್ಕೆ ಮೇಲು.

ಒಂದು ಮಾದರಿ ವಿನ್ಯಾಸ

ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವ 12 ಅಡಿ ಅಗಲ, 15 ಅಡಿ ಉದ್ದದ ತಾಡಪತ್ರಿಯನ್ನು ಆಧಾರವಾಗಿ ಇಟ್ಟುಕೊಳ್ಳಬಹುದು. 3.14 ಮೀಟರ್ ಉದ್ದದ ಕಡ್ಡಿಯನ್ನು ಬಾಗಿಸಿ ಎರಡು ತುದಿಗಳನ್ನು 2 ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಮೀಟರಿಗಿಂತ ತುಸು ಎತ್ತರದ ಕಮಾನು ದೊರೆಯುತ್ತದೆ. ಒಂದೂವರೆ ಮೀಟರಿಗೊಂದರಂತೆ ಇಂಥ ಮೂರು ಕಮಾನುಗಳನ್ನು ನಿಲ್ಲಿಸಿದರೆ 3 ಮೀಟರ್ ಉದ್ದ, 2 ಮೀಟರ್ ಅಗಲದ ನೆಲ ಆವರಿಸಲ್ಪಡುತ್ತದೆ. ಅಗಲದಲ್ಲಿ ಪ್ರತಿ ಬದಿಗೂ ಸುಮಾರು 26 ಸೆಂ.ಮೀ. ಹಾಳೆ ಮಿಕ್ಕು, ಅದರ ಮೇಲೆ ಮಣ್ಣು ಹೇರಲು ಬರುತ್ತದೆ. ಉದ್ದದಲ್ಲಿ ಮಿಕ್ಕ ಸುಮಾರು 78 ಸೆಂ.ಮೀ. ಎರಡೂ ಬಾಯಿಗಳಿಗೆ ಅರ್ಧ ಪರದೆಯಾಗುತ್ತದೆ. ಅದರ ಕೆಳಗಿನ ತೆರವಿನಿಂದ ಗಾಳಿಯಾಡುತ್ತದೆ. ಹಾಳೆಯನ್ನು ಕತ್ತರಿಸುವ, ಹೊಲಿಯುವ ಅಗತ್ಯವಿಲ್ಲ.

ಪ್ರತಿ ಕಮಾನನ್ನು 52 ಸೆಂ.ಮೀ. ಉದ್ದದ ಆರು ತುಂಡುಗಳಾಗಿ ಮಾಡಿ, ಒಳಗೆ ಎಲಾಸ್ಟಿಕ್ ಹುರಿ ಹಾಯುವಂತಿದ್ದರೆ ಟೊಳ್ಳು ಕಡ್ಡಿಗಳನ್ನೂ, ಗಟ್ಟಿ ಕಡ್ಡಿಗಳಾದರೆ ಜೋಡುಕೊಳವೆಗಳನ್ನೂ ಬಳಸಬಹುದು. 10 ಮಿ.ಮೀ. ಗಟ್ಟಿ ಕಡ್ಡಿಯ ಮೂರು ಕಮಾನುಗಳ ತೂಕ ಸುಮಾರು ಒಂದೂವರೆ ಕಿಲೋ. ಕೊಳವೆ, ಗೂಟ, ಹಗ್ಗ ಸೇರಿ ಎರಡೂವರೆ ಕಿಲೋ. ಚದರ ಮೀಟರಿಗೆ 120 ಗ್ರಾಂ ತೂಗುವ ತಾಡಪತ್ರಿ ಇನ್ನೆರಡು ಕಿಲೋ. ಇಡೀ ಡೇರೆಯನ್ನು ಒಬ್ಬ ಕೂಲಿಕಾರ ಹೆಗಲಿಗೇರಿಸಿ ನಡೆಯಬಹುದು, ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಬಹುದು.

ಒಣಗಿಸುವ ದೊಡ್ಡ ಶೆಡ್ಡಿಗೆ ಇದು ಬದಲಿಯಲ್ಲ. ಹತ್ತು ಹನ್ನೆರಡು ಅಂತಸ್ತಿನ ಬಲೆಗಳ ರ್ಯಾಕ್‌ಗೆ ಕಾಯಂ ಛಾವಣಿಯೇ ಬೇಕು. ಈ ಡೇರೆಯ ಸ್ಥಾನ ಶೆಡ್ಡಿನ ಹೊರಗೆ: ಕೊಯ್ದು ತಂದ ಗೊನೆಗಳ ಕ್ರೇಟ್‌ಗಳಿಗೆ, ದ್ರಾವಣದಲ್ಲಿ ಅದ್ದುವ ಜಾಗಕ್ಕೆ, ಉದುರಿಸಿ ಆರಿಸಲು ಹರಡಿದ ಮಣೂಕಕ್ಕೆ, ರಾತ್ರಿ ಕಾವಲಿನವನಿಗೆ. ಶೆಡ್ ಎಷ್ಟೇ ಭದ್ರವಾಗಿದ್ದರೂ ಸರಕು ಅದರೊಳಗೆ ಹೋಗುವ ಮೊದಲು ಮತ್ತು ಹೊರಬಂದ ಮೇಲೆ ನೆನೆದರೆ ಪ್ರಯೋಜನವಿಲ್ಲ.

ಸೋಲು ಎಲ್ಲಿಂದ ಬರುತ್ತದೆ

ಹಗುರವಾದ ಡೇರೆಗೆ ಮೊದಲ ಶತ್ರು ಗಾಳಿ. ಗಂಟೆಗೆ 54 ಕಿ.ಮೀ. ವೇಗದ ಗಾಳಿ ಚದರ ಮೀಟರಿಗೆ ಸುಮಾರು 14 ಕಿಲೋ ಒತ್ತುತ್ತದೆ. ಮೇಲಿನ ಡೇರೆಯ ಪಕ್ಕಕ್ಕೆ ಬೀಸಿದರೆ ಅದರ ಮೇಲೆ ಬೀಳುವುದು 40 ಕಿಲೋದಷ್ಟು. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ನಾಲ್ಕೂವರೆ ಕಿಲೋ ತೂಕದ ಡೇರೆ ತನ್ನ ಭಾರದಿಂದ ನಿಲ್ಲಲಾರದು. ನಿಲ್ಲಿಸಬೇಕಾದದ್ದು ಗೂಟ ಮತ್ತು ಹಗ್ಗ.

ಎರಡನೆಯದು ನೆಲ. ಈ ಭಾಗದ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ನೆನೆದಾಗ ಬೆಣ್ಣೆಯಂತಾಗುತ್ತದೆ. ವಿದೇಶಿ ಮಾದರಿಯ ಡೇರೆಗಳೊಂದಿಗೆ ಬರುವ ಗೇಣುದ್ದದ ಗೂಟ ಇಂಥಲ್ಲಿ ಹಿಡಿಯದು. ಒಂದೂವರೆ ಅಡಿ ಉದ್ದದ ಕೋನಾಕಾರದ ಕಬ್ಬಿಣದ ಗೂಟ, ಅಥವಾ ಖಾಲಿ ಗೊಬ್ಬರದ ಚೀಲದಲ್ಲಿ ಮಣ್ಣು ತುಂಬಿ ಮೂಲೆಗೆ ಕಟ್ಟುವ ವ್ಯವಸ್ಥೆ ಇರಬೇಕು. ಗೂಟ ಹೊಡೆಯಲಾಗದ ಸಂತೆಯ ರಸ್ತೆಯಲ್ಲಿ ಕಮಾನಿನ ಎರಡೂ ಪಾದಗಳನ್ನು ಒಂದು ನೆಲಪಟ್ಟಿಯಿಂದ ಜೋಡಿಸಿದರೆ ಸಾಕು. ಪಾದಗಳು ಹೊರಗೆ ತಳ್ಳುವ ಬಲ ಪ್ರತಿ ಕಮಾನಿಗೆ ಎರಡು ಮೂರು ಕಿಲೋದಷ್ಟೇ. ಆದರೆ ಗಾಳಿಗಾಗಿ ಭಾರದ ಚೀಲಗಳು ಅಲ್ಲಿಯೂ ಬೇಕು.

ಮೂರನೆಯದು ಜೋಡಣೆ. ಕಡ್ಡಿ ನಡುವೆ ಮುರಿಯುವುದು ಅಪರೂಪ, ಕೊಳವೆಯ ಅಂಚಿನಲ್ಲಿಯೇ ಸೀಳುತ್ತದೆ. ಆದ್ದರಿಂದ ಪ್ರತಿ ತುದಿಯೂ ಕೊಳವೆಯೊಳಗೆ ಕನಿಷ್ಠ 5 ಸೆಂ.ಮೀ. ಹೋಗಬೇಕು, ಕೊಳವೆಯ ಬಾಯಿಯ ಚೂಪನ್ನು ತೆಗೆದಿರಬೇಕು, ಸಡಿಲವಿರಬಾರದು. ಕೊಳವೆ ಕಡಿದು, ಅಂಚು ಸವರಿ, ಅಳತೆಗೆ ತರುವ ಈ ಕೆಲಸ ಲೇತ್ ಇರುವ ಯಾವ ಸಣ್ಣ ವರ್ಕ್‌ಶಾಪಿಗೂ ಕಠಿಣವಲ್ಲ. ಡೇರೆಯ ಬಾಳಿಕೆಯನ್ನು ನಿರ್ಧರಿಸುವ ಭಾಗ ಸ್ಥಳೀಯ ಕೈಗಳಲ್ಲಿಯೇ ತಯಾರಾಗಬಲ್ಲದು.

ನಾಲ್ಕನೆಯದು ಬಿಸಿಲು. 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ತೆರೆದಿಟ್ಟ ಫೈಬರ್‌ಗ್ಲಾಸಿನ ಮೇಲ್ಪದರ ಕ್ರಮೇಣ ಸವೆದು ಗಾಜಿನ ಎಳೆಗಳು ಹೊರಬಂದು ಕೈಗೆ ಚುಚ್ಚುತ್ತವೆ. ಇದಕ್ಕೆ ಪರಿಹಾರ ತೋಟದಲ್ಲಿಯೇ ಇದೆ. ಹನಿ ನೀರಾವರಿಯ ಕಪ್ಪು ಕೊಳವೆಯನ್ನು ಬಿಸಿಲು ತಾಳುವಂತೆಯೇ ತಯಾರಿಸಿರುತ್ತಾರೆ. ಜೋಡಣೆಗಳ ನಡುವಿನ ಭಾಗಕ್ಕೆ ಅಳತೆಗೆ ಹೊಂದುವ ಅಂಥ ಕೊಳವೆಯ ಕವಚ ತೊಡಿಸಿದರೆ ಕಡ್ಡಿಗೂ ರಕ್ಷಣೆ, ಕೈಗೂ ರಕ್ಷಣೆ. ದಪ್ಪ ಕೊಳವೆಯ ತುಂಡನ್ನು ಉದ್ದಕ್ಕೆ ಸೀಳಿದರೆ ತಾಡಪತ್ರಿಯನ್ನು ಕಮಾನಿಗೆ ಕಚ್ಚಿ ಹಿಡಿಯುವ ಹಿಡಿಕೆಯಾಗುತ್ತದೆ. ಹಾಳೆಗೆ ತೂತು ಮಾಡಬೇಕಾಗಿಲ್ಲ.

ಮಾರುಕಟ್ಟೆ ಮತ್ತು ಕಾಗದಪತ್ರ

ವಿಜಯಪುರದಿಂದ ಅಥಣಿ ರಸ್ತೆಯಲ್ಲಿ ತಿಕೋಟಾ, ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರ, ಎರಡೂ ನಗರಕ್ಕೆ ಒಂದು ಗಂಟೆಯೊಳಗಿನ ದಾರಿ. ತುಬಚಿ–ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ನೀರು ಕಂಡ ಈ ಪ್ರದೇಶದಲ್ಲಿ ಗಿರಾಕಿಗಳು ತಯಾರಕನ ಕಣ್ಣಳತೆಯಲ್ಲಿಯೇ ಇದ್ದಾರೆ. ಮುರಿದ ಕಡ್ಡಿಯೊಂದನ್ನು ಅದೇ ದಿನ ಬದಲಿಸಿಕೊಡಬಲ್ಲ ಅನುಕೂಲ ದೂರದ ಯಾವ ಕಂಪನಿಗೂ ಇಲ್ಲ. ಬಿಡಿಭಾಗಗಳ ಮಾರಾಟವೇ ವ್ಯಾಪಾರದ ಬೆನ್ನೆಲುಬಾಗಬೇಕು.

ದ್ರಾಕ್ಷಿಯ ಹಂಗಾಮು ಮೂರು ತಿಂಗಳು ಮಾತ್ರ. ಉಳಿದ ಕಾಲಕ್ಕೆ ಬೇರೆ ಗಿರಾಕಿಗಳನ್ನು ಹುಡುಕಿಕೊಳ್ಳಬೇಕು. ಜನವರಿಯಲ್ಲಿ ಸಂಕ್ರಾಂತಿಯ ಸುಮಾರಿಗೆ ಜರುಗುವ ಸಿದ್ಧೇಶ್ವರ ಜಾತ್ರೆ ಮತ್ತು ಅದರೊಡನೆ ಕೂಡುವ ಜಾನುವಾರು ಜಾತ್ರೆ, ವಾರದ ಸಂತೆಗಳು, ಕುರಿ ಹಿಂಡಿನೊಡನೆ ಊರೂರು ಅಲೆಯುವ ಕುರಿಗಾರರು, ಕಬ್ಬು ಕಡಿಯುವ ತಂಡಗಳು ಹೀಗೆ ಬೇಡಿಕೆಯ ಮೂಲಗಳು ಹಲವು. ಕೊಳ್ಳಲಾಗದವರಿಗೆ ಬಾಡಿಗೆಗೆ ಕೊಡುವ ಪದ್ಧತಿಯಿಂದ ಒಂದೇ ಡೇರೆ ವರ್ಷದಲ್ಲಿ ಹಲವು ಬಾರಿ ದುಡಿಯುತ್ತದೆ.

ತಾಡಪತ್ರಿಯನ್ನೂ ಸೇರಿಸಿ ಮಾರುವವರು ಭಾರತೀಯ ಮಾನಕ ಐಎಸ್ 7903ರಂತೆ ತಯಾರಾದ ಹಾಳೆಯನ್ನೇ ಆರಿಸುವುದು ಕ್ಷೇಮ. ತೆರಿಗೆಯಲ್ಲಿ ಡೇರೆ ಮತ್ತು ತಾಡಪತ್ರಿಗಳು ಎಚ್‌ಎಸ್‌ಎನ್ 6306ರ ಅಡಿ ಬರುತ್ತವೆ. ಚೌಕಟ್ಟನ್ನು ಪ್ರತ್ಯೇಕವಾಗಿ ಮಾರಿದಾಗ ವರ್ಗೀಕರಣ ಬೇರೆಯಾಗಬಹುದಾದ್ದರಿಂದ ಮೊದಲ ಬಿಲ್ಲಿಗೆ ಮುನ್ನವೇ ತೆರಿಗೆ ಸಲಹೆಗಾರರನ್ನು ಕೇಳಬೇಕು. 2025ರ ಏಪ್ರಿಲ್ 1ರಿಂದ ಎರಡೂವರೆ ಕೋಟಿ ರೂಪಾಯಿವರೆಗಿನ ಹೂಡಿಕೆ ಹಾಗೂ 10 ಕೋಟಿವರೆಗಿನ ವಹಿವಾಟಿನ ಘಟಕಗಳು ಅತಿಸಣ್ಣ ಉದ್ಯಮಗಳೆನಿಸುತ್ತವೆ. ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಬ್ಯಾಂಕಿನ ವ್ಯವಹಾರಕ್ಕೆ ಅನುಕೂಲ.

ಇನ್ನೊಂದು ಎಚ್ಚರಿಕೆ ಅವಶ್ಯ. ಬಾಗುವ ಕಮಾನು ಹಳೆಯ ಜ್ಞಾನ, ಅದಕ್ಕೆ ಯಾರೂ ಪೇಟೆಂಟ್ ಪಡೆಯಲಾರರು. ಆದರೆ ಹೊಸ ಬಗೆಯ ಜೋಡಣೆಯನ್ನು ಕಂಡುಹಿಡಿದರೆ ಅದಕ್ಕೆ ಪೇಟೆಂಟ್, ಹೊಸ ಆಕಾರಕ್ಕೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಸಾಧ್ಯ. ವಿನ್ಯಾಸದ ರಕ್ಷಣೆ ಮೊದಲು 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು. ಅರ್ಜಿ ಹಾಕುವ ಮೊದಲೇ ಸಂತೆಯಲ್ಲಿಯೋ ಪ್ರದರ್ಶನದಲ್ಲಿಯೋ ತೋರಿಸಿಬಿಟ್ಟರೆ ಹೊಸತನದ ಹಕ್ಕೇ ಕೈತಪ್ಪುವ ಸಂಭವವಿದೆ.

ಮೊದಲ ಹೆಜ್ಜೆ

ಬಂಡವಾಳ ತೊಡಗಿಸುವ ಮುನ್ನ ಒಂದು ಹಂಗಾಮಿನ ಪರೀಕ್ಷೆ ನಡೆಯಲಿ. ಆರು ಡೇರೆಗಳನ್ನು ತಯಾರಿಸಿ ಮೂರನ್ನು ತಿಕೋಟಾ ಕಡೆಯ, ಮೂರನ್ನು ಬಬಲೇಶ್ವರ ಕಡೆಯ ತೋಟಗಳಿಗೆ ಕೊಡಬಹುದು. ಪ್ರತಿ ಕಮಾನನ್ನು ನೂರು ಬಾರಿ ಬಾಗಿಸಿ ಬಿಡಬೇಕು, ನೆತ್ತಿಗೆ ಮಣ್ಣಿನ ಚೀಲ ತೂಗಿಬಿಟ್ಟು ನೋಡಬೇಕು, ಪಂಪಿನ ನೀರು ಹಾಯಿಸಬೇಕು. ಇಬ್ಬರು ಆಳುಗಳು ಹೇಳಿಕೊಡದೆಯೇ ಎಷ್ಟು ನಿಮಿಷಗಳಲ್ಲಿ ನಿಲ್ಲಿಸುತ್ತಾರೆ ಎಂಬುದನ್ನು ಗಡಿಯಾರ ಹಿಡಿದು ಬರೆದಿಡಬೇಕು. ಮಳೆ ಹನಿಯತೊಡಗಿದ ಮೇಲೆ ಸಿಗುವ ಸಮಯ ಅಷ್ಟೇ. ಕಡ್ಡಿಯ ತಾಳಿಕೆಯನ್ನು ಅಳೆಯುವ ಯಂತ್ರಗಳು ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿರುತ್ತವೆ. 1980ರಲ್ಲಿ ಆರಂಭವಾದ ಹಳಕಟ್ಟಿ ಇಂಜಿನಿಯರಿಂಗ್ ಕಾಲೇಜು ನಗರದಲ್ಲಿಯೇ ಇದೆ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೂ ಇದು ತಕ್ಕ ವಿಷಯ.

ಹಂಗಾಮಿನ ಕೊನೆಗೆ ಯಾವ ಭಾಗ ಮುರಿಯಿತು, ಯಾವುದು ಕಳೆಯಿತು, ಯಾವುದನ್ನು ರೈತ ತಾನೇ ಬದಲಿಸಿಕೊಂಡ ಎಂಬ ಮೂರು ಪಟ್ಟಿಗಳು ತಯಾರಕನ ಕೈಯಲ್ಲಿದ್ದರೆ ಮುಂದಿನ ವರ್ಷದ ಡೇರೆಯ ವಿನ್ಯಾಸ ಅವುಗಳಲ್ಲಿಯೇ ಇರುತ್ತದೆ. ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ಕೆಲಸ ಆರಂಭಿಸಿದವರು ಫೆಬ್ರುವರಿಯ ಮೊದಲ ಮೋಡಕ್ಕೆ ಸಿದ್ಧರಾಗಬಲ್ಲರು.